ಬದುವಿನ ಭಾವ ಕೊಟ್ಟ ಮಾತು

ನನ್ನ ಅಣ್ಣನನ್ನು ಕಬ್ಬಿನ ಜೊತೆ ಕಟ್ಟಿ ಸುಡಲು ಹೊರಟವರಲ್ಲಿ ಹೆಚ್ಚಿನವರ ಮುಖ ನನಗೆ ಗೊತ್ತಿತ್ತು. ಯಳಂದೂರಿನ ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ, ನಾನು ಪಾಠ ಹೇಳುವ ಶಾಲೆಯ ಗೇಟಿನ ಹತ್ತಿರ ಕಂಡ ಮುಖಗಳು. ಒಬ್ಬನಂತೂ ಸ್ವಲ್ಪ ದಿನದ ಹಿಂದೆಯೇ, 'ನಮ್ ಮಗೀಗೆ ಲೆಕ್ಕ ಒಸಿ ಚೆನ್ನಾಗ್ ಏಳ್ಕೊಡಿ ಮೇಡಂ' ಎಂದು ಕೈ ಮುಗಿದು ಹೋಗಿದ್ದ. ಡೀಸೆಲ್ ಕ್ಯಾನು ಹಿಡಿದಿದ್ದವನು ಅವನೇ. ಯಾರೋ ಹೊರಗಿನ ರೌಡಿಗಳು ಹೊಡೆದರು ಎಂದು ಹೇಳಿಬಿಡುವ ಹಾಗಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ನಮ್ಮೂರು ಕೊಳ್ಳೇಗಾಲಕ್ಕೂ ಯಳಂದೂರಿಗೂ ನಡುವೆ, ಟಾರು ರಸ್ತೆಯಿಂದ ಸ್ವಲ್ಪ ಒಳಗಿದೆ. ಹಳೆಯ ಊರು. ಕೆರೆಯ ತೂಬಿನ ಕಲ್ಲಿನ ಮೇಲೆ ಯಾರಿಗೂ ಓದಲು ಬಾರದ ಅಕ್ಷರಗಳಿವೆ, ಹೆಂಗಸರು ಅದರ ಮೇಲೇ ಬಟ್ಟೆ ಒಗೆಯುತ್ತಾರೆ. ನಮ್ಮ ಅಜ್ಜನ ಕಾಲದಲ್ಲಿ ಊರ ಸುತ್ತ ಆಲೆಮನೆಗಳಿದ್ದವಂತೆ. ಸಕ್ಕರೆ ಕಾರ್ಖಾನೆ ಬಂದ ಮೇಲೆ ಅವು ಒಂದೊಂದಾಗಿ ನಿಂತು, ಈಗ ಮಸಿ ಹಿಡಿದ ಗೋಡೆಗಳಷ್ಟೇ ಉಳಿದಿವೆ. ಒಂದೇ ಮನೆಯಲ್ಲಿ ಒಬ್ಬ ಗದ್ದೆಗೆ ಹೋದರೆ ಇನ್ನೊಬ್ಬ ಶಿಫ್ಟಿಗೆ ಹೋಗುತ್ತಾನೆ. ಗದ್ದೆಗೆ ನೀರು ಕಟ್ಟುವ ಸರದಿ ಬದಲಾಗುವುದು ಕಾರ್ಖಾನೆಯ ಸೈರನ್ನಿಗೆ. ಕಬ್ಬು ಅರೆಯುವ ಕಾಲದಲ್ಲಿ ಒಣಹಾಕಿದ ಬಟ್ಟೆಯ ಮೇಲೆ, ಹಾಲಿನ ಪಾತ್ರೆಯ ಮೇಲೆ ಕರಿಬೂದಿ ಬಂದು ಕೂರುತ್ತದೆ. ನಾವು ಅದನ್ನು ಊದಿ ಕುಡಿಯುತ್ತೇವೆ.

ಆ ಕಾಲದಲ್ಲಿ ಕಾರ್ಖಾನೆಯ ಗೇಟಿನಿಂದ ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ನಿಲ್ಲುತ್ತದೆ. ಆ ಸಾಲಿಗೆ ಅದರದೇ ಕಟ್ಟಳೆಗಳಿವೆ. ಯಾರೂ ಬರೆದಿಟ್ಟದ್ದಲ್ಲ. ಅದರಲ್ಲಿ ದೊಡ್ಡದು ಸುಟ್ಟ ಕಬ್ಬಿನದು. ಗದ್ದೆಯಲ್ಲಿ ನಿಂತ ಕಬ್ಬಿಗೆ ಬೆಂಕಿ ಬಿದ್ದರೆ ಸೋಗೆ ಉರಿದುಹೋಗಿ ಜಲ್ಲೆ ಕಪ್ಪಾಗಿ ಉಳಿಯುತ್ತದೆ. ಆ ಜಲ್ಲೆಯನ್ನು ಬೇಗ ಅರೆಯದಿದ್ದರೆ ರಸ ಹುಳಿಯಾಗಿ ಕೆಲಸಕ್ಕೆ ಬಾರದಂತಾಗುತ್ತದೆ. ಹಾಗಾಗಿ ಸುಟ್ಟ ಕಬ್ಬಿನ ಗಾಡಿ ಬಂದರೆ ಎಷ್ಟು ದಿನದಿಂದ ಕಾದಿದ್ದವರೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಆದರೆ ಗಾಡಿಯ ಜೊತೆ ಬದುವಿನವನು ಬರಬೇಕು. ಅಂದರೆ, ಸುಟ್ಟ ಗದ್ದೆಗೆ ಬದು ಹಂಚಿಕೊಂಡ ಪಕ್ಕದ ಗದ್ದೆಯವನು. ಅವನು ಸಾಲಿನ ಮುಂದೆ ನಿಂತು, ಬೆಂಕಿ ತಾನಾಗಿ ಬಿದ್ದದ್ದು, ಗಾಡಿಯಲ್ಲಿರುವುದೆಲ್ಲ ಸುಟ್ಟ ಕಬ್ಬೇ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ಯಾರೂ ಗಾಡಿ ತಡಕುವುದಿಲ್ಲ. ನಾಳೆ ಯಾರ ಗದ್ದೆಗೆ ಬೆಂಕಿ ಬೀಳುತ್ತದೋ ಯಾರಿಗೆ ಗೊತ್ತು?

ನಮ್ಮ ಬದುವಿನವನನ್ನು ಅಣ್ಣ 'ಬಾವ' ಎಂದು ಕರೆಯುತ್ತಿದ್ದ. ನೆಂಟಸ್ತನವೇನೂ ಇರಲಿಲ್ಲ, ಚಿಕ್ಕಂದಿನಿಂದ ಒಟ್ಟಿಗೆ ದನ ಕಾಯ್ದು ಬೆಳೆದ ಸಲಿಗೆ. ನಾನೂ ಹಾಗೇ ಕರೆಯುತ್ತಿದ್ದೆ. ಅತ್ತಿಗೆಗೆ ಅವನು ಅಣ್ಣನ ಸಮಾನ. ಒರಟು ಮಾತಿನ, ಬೇಗ ಸಿಟ್ಟಾಗುವ, ಅಷ್ಟೇ ಬೇಗ ನಗುವ ಮನುಷ್ಯ. ನಾನು ಕೊಳ್ಳೇಗಾಲದ ಕಾಲೇಜಿನಲ್ಲಿ ಡಿಗ್ರಿ ಮುಗಿಸಿ ಬಂದಾಗ ಬದುವಿನ ಮೇಲೆ ನಿಂತು, 'ಏನ್ ಟೀಚ್ರಮ್ಮ, ಇನ್ಮೇಲೆ ನಾವು ನಿಮ್ ಮುಂದೆ ಬೀಡಿ ಸೇದಂಗಿಲ್ವಾ?' ಎಂದು ಕೂಗಿ ಸೇದುತ್ತಲೇ ಇದ್ದ.

ಆ ವರ್ಷ ಕಟಾವಿನ ಹೊತ್ತಿಗೆ ಮಳೆ ಹಿಡಿದುಕೊಂಡು ಎಲ್ಲರ ಕೊಯ್ಲೂ ನಿಂತಿತ್ತು. ಮಳೆ ಬಿಟ್ಟದ್ದೇ ಎಲ್ಲರೂ ಒಟ್ಟಿಗೆ ಕಡಿದರು. ಸಾಲು ಗೇಟಿನಿಂದ ಹಳ್ಳದ ಮೋರಿಯನ್ನೂ ದಾಟಿ ಬೆಳೆಯಿತು. ಸತ್ತೇಗಾಲದಿಂದ ಬಂದವರು ಟ್ರೈಲರಿನ ಕೆಳಗೆ ಚಾಪೆ ಹಾಕಿ, ಕಲ್ಲು ಹೂಡಿ, ಅಲ್ಲೇ ಮುದ್ದೆ ಕಟ್ಟಿ ತಿನ್ನುತ್ತಿದ್ದರು. ಕಣ್ಣೆದುರಿಗೇ ಅವರ ಕಬ್ಬು ಒಣಗುತ್ತಿತ್ತು. ನೀರಿಗೆ, ನೆರಳಿಗೆ, ಒಂದು ಮಾತಿಗೆ ಜಗಳ ಶುರುವಾಗುತ್ತಿತ್ತು.

ನಮ್ಮ ಗದ್ದೆಗೆ ಬೆಂಕಿ ಬಿದ್ದದ್ದು ಆ ದಿನಗಳಲ್ಲೇ. ನಿಜವಾಗಿಯೂ ತಾನಾಗಿ ಬಿದ್ದದ್ದು. ಗಾಳಿಗೆ ಕರೆಂಟಿನ ತಂತಿಗಳು ಒಂದಕ್ಕೊಂದು ತಾಗಿ ಕಿಡಿ ಉದುರಿದ್ದನ್ನು ನಾನೇ ಹಿತ್ತಲಿನಿಂದ ನೋಡಿದೆ. ಕಬ್ಬಿಗೆ ಬೆಂಕಿ ಹತ್ತಿದರೆ ಜಲ್ಲೆಗಳು ಒಡೆದು ಪಟಾಕಿಯ ಸರದ ಹಾಗೆ ಸಿಡಿಯುತ್ತವೆ. ಒಳಗೆ ಅಡಗಿದ್ದ ಕಾಡುಹಂದಿಗಳು ಕಿರುಚುತ್ತ ಹೊರಗೆ ನುಗ್ಗಿದವು. ಭಾವ ತನ್ನ ಗದ್ದೆ ಉಳಿದರೆ ಸಾಕೆಂದು ನಿಲ್ಲಲಿಲ್ಲ. ನಮ್ಮ ಗದ್ದೆಯ ನಡುವೆ ನುಗ್ಗಿ, ಬೆಂಕಿಯ ಮುಂದೆ ಒಂದು ಪಟ್ಟಿಯಷ್ಟು ಕಬ್ಬನ್ನು ಕಡಿದು ಕೆಡವಿ ಉರಿಗೆ ದಾರಿ ಇಲ್ಲದಂತೆ ಮಾಡಿದ. ಅವನ ಹುಬ್ಬು ಸುಟ್ಟುಹೋಯಿತು. ಮೇಲಿನ ಭಾಗ ಕಪ್ಪಾಯಿತು, ಕಾಲುವೆಯ ಕಡೆಯದು ಹಸಿರಾಗಿಯೇ ಉಳಿಯಿತು.

ಹನೂರು ಕಡೆಯ ಆಳುಗಳು ಬಂದು ಕಡಿದರು. ನಾನು ಶಾಲೆಯಲ್ಲಿದ್ದೆ. ಭಾವ ಕೈಗೆ, ಮುಖಕ್ಕೆ ಎಣ್ಣೆ ಹಚ್ಚಿಕೊಂಡು ಮನೆಯಲ್ಲಿ ಮಲಗಿದ್ದ. ಗಾಡಿ ತುಂಬುವಾಗ ಅಣ್ಣನ ತಲೆಗೆ ಏನು ಹೊಳೆಯಿತೋ. ಆಳುಗಳು ಮಾರನೆಯ ದಿನ ಶಾಗ್ಯದ ಕಡೆ ಹೋಗುವವರು, ಮತ್ತೆ ಯಾವಾಗ ಸಿಗುತ್ತಾರೋ, ಹಸಿ ಕಬ್ಬನ್ನೂ ಈಗಲೇ ಕಡಿಸಿಬಿಡೋಣ ಎಂದುಕೊಂಡ. ಕಡಿಸಿದ್ದನ್ನು ಆ ಸಾಲಿನಲ್ಲಿ ನಿಲ್ಲಿಸಲು ಮನಸ್ಸಾಗಲಿಲ್ಲ. ಟ್ರೈಲರಿನ ಹೊಟ್ಟೆಯಲ್ಲಿ ಹಸಿ ಕಬ್ಬು ಹಾಕಿಸಿ, ಸುತ್ತಲೂ ಮೇಲೂ ಸುಟ್ಟದ್ದನ್ನು ಹೊದಿಸಿ ಹಗ್ಗ ಬಿಗಿದ. ಯಾರಿಗೂ ಹೇಳಲಿಲ್ಲ. ಭಾವನಿಗೂ.

ಮಾರನೆಯ ದಿನ ಭಾನುವಾರ. ನನಗೆ ಕೊಳ್ಳೇಗಾಲದಲ್ಲಿ ಕೆಲಸವಿತ್ತು, ಬಸ್ಸು ಕಾರ್ಖಾನೆ ಗೇಟಿನಲ್ಲಿ ನಿಲ್ಲುತ್ತದೆ. ಅಣ್ಣನ ಟ್ರ್ಯಾಕ್ಟರಿನಲ್ಲೇ ಪಕ್ಕಕ್ಕೆ ಕೂತು ಹೋದೆ. ಭಾವ ಮೊಪೆಡ್ಡಿನಲ್ಲಿ ಮುಂದೆ ಹೋಗುತ್ತಿದ್ದ. ಗೇಟಿನ ಹತ್ತಿರ ಇಳಿದು, ಹುಬ್ಬಿಲ್ಲದ ಆ ಮುಖ ಎತ್ತಿ ಸಾಲಿನವರಿಗೆ ಕೂಗಿ ಹೇಳಿದ.

'ನಾನ್ ಬದುವಿನೋನು. ತಂತಿ ಕಿಡಿ ಬಿದ್ದು ಸುಟ್ಟೋಗ್ಯದೆ ಕಣ್ರಪ್ಪ. ಗಾಡೀಲಿರಾದೆಲ್ಲಾ ಸುಟ್ಟುದ್ದೇ. ಒಸಿ ದಾರಿ ಬುಡಿ.'

'ನಿನ್ ಮುಖ ನೋಡುದ್ರೇ ಗೊತ್ತಾಯ್ತದೆ ಬುಡಪ್ಪ,' ಎಂದು ಒಬ್ಬ ನಕ್ಕ. 'ಕಬ್ಬಿನ್ ಜೊತೇಲಿ ನಿನ್ನೂ ತೂಕಕ್ಕಾಕ್ತಾರೆ, ಉಷಾರು.'

ಎಲ್ಲರೂ ನಕ್ಕರು. ಗೊಣಗುತ್ತ ಗಾಡಿಗಳನ್ನು ಹಿಂದೆ ಮುಂದೆ ಮಾಡಿ ದಾರಿ ಬಿಟ್ಟರು. ಭಾವ ಬೀಡಿ ಹಚ್ಚಿಕೊಂಡು ಮೋರಿಯ ಕಟ್ಟೆಯ ಮೇಲೆ ಕೂತ. ನಾನು ಇಳಿದು ಬಸ್ಸಿಗಾಗಿ ಎದುರುಗಡೆ ನಿಂತೆ.

ಸುಟ್ಟ ಕಬ್ಬು ಒಂದೆರಡು ದಿನ ಜಗಿಯಲು ಬಲು ಸಿಹಿ. ದಾರಿ ಬಿಟ್ಟವರು ಆ ಗಾಡಿಯಿಂದ ಒಂದೊಂದು ಜಲ್ಲೆ ಎಳೆದುಕೊಂಡು ತಿನ್ನುವುದು ರೂಢಿ, ಯಾರೂ ಬೇಡವೆನ್ನುವುದಿಲ್ಲ. ಸತ್ತೇಗಾಲದ ಕಡೆಯ ಒಬ್ಬ ಗಟ್ಟಿ ಆಳು ಟ್ರೈಲರಿನ ಪಕ್ಕದಿಂದ ಒಂದನ್ನು ಎಳೆದ. ಅದು ಮುರಿಯಿತು. ಒಳ್ಳೆಯದೇ ಬೇಕೆಂದು ಕೈ ಒಳಗೆ ತೂರಿಸಿ ಇನ್ನೊಂದನ್ನು ಎಳೆದ. ಹಸಿ ಕಬ್ಬಿನ ಮೈಮೇಲಿರುವ ಬಿಳಿ ಪುಡಿ ಇನ್ನೂ ಮಾಸದ, ಗಣ್ಣು ಗಣ್ಣಿನಲ್ಲೂ ಹಸಿ ಸೋಗೆ ಅಂಟಿಕೊಂಡಿದ್ದ ಜಲ್ಲೆ ಉದ್ದಕ್ಕೆ ಬಂತು. ಅವನು ಅದನ್ನು ಮೇಲೆತ್ತಿ ಹಿಡಿದ.

'ಏನ್ಲಾ ಇದು? ಬೆಂಕಿ ಒಳೀಕ್ ಓಗ್ದೆ ಸುತ್ತ ಮೆರವಣಿಗೆ ಮಾಡ್ಕಂಡ್ ಓಯ್ತಾ?'

ಯಾರೂ ನಗಲಿಲ್ಲ. ಅಣ್ಣ ಸೀಟಿನಿಂದ ತಿರುಗಿ ನೋಡಿದ. ಅವನ ಮುಖ ನೋಡಿದ ಕೂಡಲೇ ನನಗೆ ತಿಳಿಯಿತು. ಸಾಲಿನವರಿಗೂ ತಿಳಿಯಿತು.

ಅವನ ಅಂಗಿಯ ಕೊರಳು ಹಿಡಿದು ಎಳೆದರು. ಮಡ್‌ಗಾರ್ಡಿಗೆ ತಲೆ ಬಡಿದು ಕೆಳಗೆ ಬಿದ್ದ. ಮೊದಲು ಕಾಲಿನಿಂದ ಒದ್ದರು, ಆಮೇಲೆ ಕಬ್ಬಿನಿಂದ ಹೊಡೆದರು. ಕಬ್ಬಿನ ಏಟು ಎಂದರೆ ತಮಾಷೆ ಎನ್ನಿಸಬಹುದು. ಗಣ್ಣುಗಣ್ಣಾಗಿರುವ ತುಂಬಿದ ಜಲ್ಲೆ ಬೆನ್ನಿನ ಮೇಲೆ ಬಿದ್ದಾಗ ಚರ್ಮ ಏಳುತ್ತದೆ. ಜಲ್ಲೆ ಮುರಿದರೆ ಗಾಡಿಯಿಂದಲೇ ಇನ್ನೊಂದನ್ನು ಎಳೆದುಕೊಂಡರು. ಗಾಡಿ ತುಂಬ ಇತ್ತಲ್ಲ. ಅಣ್ಣ 'ತಪ್ಪಾಯ್ತು ಕಣ್ರಪ್ಪೋ, ತಪ್ಪಾಯ್ತು' ಎನ್ನುತ್ತಿದ್ದ. ಆಮೇಲೆ ಅದು ನಿಂತು ಬರೀ ಉಸಿರಿನ ಸದ್ದು ಬಂತು.

ನಾನು ರಸ್ತೆ ದಾಟಿ ಓಡಿದೆ. 'ದಯವಿಟ್ಟು ಬಿಡಿ, ದಯವಿಟ್ಟು' ಎಂದು ಕಿರುಚಿದೆ.

'ದಯವಿಟ್ಟಂತೆ! ಟೀಚರಮ್ಮ ಪಾಠ ಮಾಡಕ್ ಬಂದವ್ರೆ, ಕೈ ಕಟ್ಟಿ ಕೂತ್ಕಳ್ರಲಾ,' ಎಂದಿತು ಒಂದು ಧ್ವನಿ. ಯಾರೋ ನನ್ನ ಎರಡೂ ರಟ್ಟೆಗಳನ್ನು ಹಿಂದಿನಿಂದ ಹಿಡಿದರು. ಹೊಡೆಯಲಿಲ್ಲ, ಹಿಡಿದುಕೊಂಡರಷ್ಟೇ. ನಾನು ಆ ಕೈಯನ್ನು ಕಚ್ಚಿದೆ. ಬಾಯಿಗೆ ಉಪ್ಪು ಬಂತು, ಹಿಡಿತ ಬಿಡಲಿಲ್ಲ.

ಗಾಡಿಯ ಹಗ್ಗ ಬಿಚ್ಚಿದರು. ಹಸಿ ಕಬ್ಬನ್ನು ರಸ್ತೆಗೆ ಚೆಲ್ಲಾಡಿದರು. 'ಸುಟ್ಟ ಕಬ್ಬು ಬೇಕಾ ನಿಂಗೆ? ಬಾ, ಸುಟ್ಟೇ ಕೊಡ್ತೀವಿ' ಎಂದು ಒಬ್ಬ ಅಣ್ಣನ ಕಂಕುಳಿಗೆ ಕೈ ಹಾಕಿ ಎತ್ತಿದ. ಇನ್ನೊಬ್ಬ ಅದೇ ಹಗ್ಗದಿಂದ ಅವನನ್ನು ಟ್ರೈಲರಿನ ಕಂಬಿಗೆ ಬಿಗಿದ. ಆಗಲೇ ಲೆಕ್ಕದ ಹುಡುಗನ ಅಪ್ಪ ಕ್ಯಾನು ತಂದದ್ದು. ಕಬ್ಬಿನ ಮೇಲೆ ಡೀಸೆಲ್ ಸುರಿದ. ಅದು ಇಳಿದು ಅಣ್ಣನ ತಲೆ, ಕತ್ತು, ಅಂಗಿ ಎಲ್ಲ ನೆನೆಯಿತು. ನೆನೆದ ಬಟ್ಟೆಯಲ್ಲಿ ಅವನು ಕೆಮ್ಮುತ್ತಿದ್ದ. ಗೇಟಿನ ಕಾವಲುಗಾರ ಒಳಗಿನಿಂದ ಪೊಲೀಸಿಗೆ ಫೋನು ಮಾಡುತ್ತಿದ್ದುದು ಕಾಣುತ್ತಿತ್ತು. ಪೊಲೀಸರು ಬರುವುದು ಎಷ್ಟೋ ಹೊತ್ತಿಗೆ. ಬೆಂಕಿಕಡ್ಡಿಗೆ ಎಷ್ಟು ಹೊತ್ತು ಬೇಕು?

ಭಾವ ಆ ಹೊತ್ತಿಗೆ ಮೋರಿಯಿಂದ ಓಡಿಬಂದಿದ್ದ. ಜನ ಅವನತ್ತ ತಿರುಗಿದರು.

'ಇವ್ನೇ ಕಣ್ಲಾ ಮಾತ್ ಕೊಟ್ಟೋನು. ಇವನ್ನೂ ಕಟ್ರಲಾ.'

ಅವನ ಕೆನ್ನೆಗೆ ಎರಡು ಏಟು ಬಿದ್ದವು. ಸುಟ್ಟ ಚರ್ಮ ಕಿತ್ತುಬಂತು. ಅವನು ಕೈ ಎತ್ತಲಿಲ್ಲ. ರಸ್ತೆಯ ಮೇಲೆ ಬಿದ್ದಿದ್ದ ಹಸಿ ಕಬ್ಬನ್ನೇ ನೋಡುತ್ತಿದ್ದ. ಆಮೇಲೆ ಅಣ್ಣನನ್ನು ನೋಡಿದ. ಅವನು ಹಾಗೆ ನೋಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಪಕ್ಕದ ಟ್ರ್ಯಾಕ್ಟರಿನ ಸೀಟಿನ ಹಿಂದೆ ಕಬ್ಬು ಕಡಿಯುವ ಮಚ್ಚು ಸಿಕ್ಕಿಸಿತ್ತು. ಅದನ್ನು ಕಿತ್ತುಕೊಂಡ. 'ಬುಡ್ರಲಾ! ಇವ್ನು ನನ್ನೋನು. ನನ್ ಮಾತ್ ತಿಂದೋನು. ಇವನ್ನ ನಾನೇ ನೋಡ್ಕತೀನಿ' ಎಂದು ಕೂಗುತ್ತ ನುಗ್ಗಿದ. ಕ್ಯಾನಿನವನು ಹಿಂದಕ್ಕೆ ಜಿಗಿದ. ಭಾವ ಎರಡೂ ಕೈಯಲ್ಲಿ ಮಚ್ಚು ಎತ್ತಿದ. ಅಣ್ಣ ತಲೆ ಉಳಿಸಿಕೊಳ್ಳಲು ಬಲಗೈ ಅಡ್ಡ ಹಿಡಿದ, ಹಗ್ಗದಿಂದ ಹೊರಗಿದ್ದದ್ದು ಅದೊಂದೇ ಕೈ. ಮಚ್ಚು ಆ ಕೈಯ ಮೇಲೆ ಬಿತ್ತು.

ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಎಲ್ಲರಿಗೂ ಕೇಳಿಸಿರಬೇಕು. ಆ ಗಲಾಟೆ ಒಮ್ಮೆಲೇ ನಿಂತುಹೋಯಿತು. ಅಣ್ಣನ ಕೈ ಮೊಣಕೈಯ ಕೆಳಗೆ ಬೇರೆ ದಿಕ್ಕಿಗೆ ತಿರುಗಿ ನೇತಾಡುತ್ತಿತ್ತು. ಅಣ್ಣ ಕೂಗಲೂ ಇಲ್ಲ. ನನ್ನ ರಟ್ಟೆ ಹಿಡಿದಿದ್ದ ಕೈ ಸಡಿಲವಾಯಿತು. ಅಷ್ಟು ಹೊತ್ತು ಒಂದೇ ಆಗಿದ್ದ ಜನ ಈಗ ಒಬ್ಬೊಬ್ಬರಾದರು. ಒಬ್ಬ 'ಸಾಕ್ ಬುಡೋ ಮಾರಾಯ' ಎಂದ. ಕ್ಯಾನು ಕೆಳಗಿಟ್ಟವನು ಕೈಯನ್ನು ಲುಂಗಿಗೆ ಒರೆಸಿಕೊಂಡು ತನ್ನ ಗಾಡಿಯ ಕಡೆ ನಡೆದ. ಭಾವ ಮಚ್ಚು ಹಿಡಿದು ನಿಂತೇ ಇದ್ದ. ಹಗ್ಗ ಬಿಚ್ಚಿದ್ದು ನಾನು ಮತ್ತು ಜಲ್ಲೆ ಎಳೆದ ಆ ಸತ್ತೇಗಾಲದವನು.

ಕೊಳ್ಳೇಗಾಲದ ಆಸ್ಪತ್ರೆಗೆ ಆಟೋದಲ್ಲಿ ಹೋದೆವು. ದಾರಿಯುದ್ದಕ್ಕೂ ಡೀಸೆಲ್ ವಾಸನೆ. ಆಟೋದವನು ಬೀಡಿ ಹಚ್ಚಲು ಹೋದಾಗ ನಾನು ಅವನ ಕೈಯ ಮೇಲೆ ಹೊಡೆದುಬಿಟ್ಟೆ. ಡಾಕ್ಟರು ನೋಡಿ, ಎರಡು ಮೂಳೆಯೂ ಮುರಿದಿವೆ, ಆದರೆ ಕೈಯಲ್ಲಿ ಕಡಿದ ಗಾಯವಿಲ್ಲ ಎಂದರು. 'ಯಾವುದರಿಂದ ಹೊಡೆದದ್ದು?' ಎಂದು ಕೇಳಿದರು. ಮಚ್ಚು ಎಂದೆ. 'ಹಾಗಾದರೆ ಮಚ್ಚಿನ ಮೊಂಡು ಹಿಂಬದಿಯಿಂದ ಹೊಡೆದಿದ್ದಾರೆ. ಇಲ್ಲದಿದ್ದರೆ ಕೈ ಇರುತ್ತಿರಲಿಲ್ಲ' ಎಂದರು.

ಅಣ್ಣ ಅದನ್ನು ಕೇಳಿಸಿಕೊಂಡ. ಊದಿಕೊಂಡ ಕಣ್ಣಿನಲ್ಲಿ ನನ್ನನ್ನು ನೋಡಿ, 'ನೋಡ್ದಾ? ಬಾವ ತಿರುಗಿಸಿ ಒಡ್ದವ್ನೆ' ಎಂದ.

ಪೊಲೀಸಿನವರು ಬಂದು ಕೇಳಿದಾಗ ಅಣ್ಣ, 'ಲೋಡ್ ಮೇಲಿಂದ ಜಾರ್ಬುಟ್ಟೆ ಸಾ' ಎಂದ.

'ಜಾರಿದ್ರೆ ಮೈತುಂಬ ಬಾಸುಂಡೆ ಹೆಂಗಯ್ಯಾ ಬಂತು?'

'ಕಬ್ಬಿನ್ ಮ್ಯಾಲೇ ಬಿದ್ದೆ ಸಾ.'

'ಡೀಸೆಲ್ಲು?'

'ಅದೂ ಅಲ್ಲೇ ಇತ್ತು ಸಾ.'

ಅವರು ನನ್ನ ಕಡೆ ತಿರುಗಿದರು. ಹೊಡೆದರು, ಕಟ್ಟಿದರು, ಸುಡಲು ಹೋದರು ಎಂದು ನಾನು ಹೇಳಿದೆ. ದೂರು ಕೊಡುವೆಯಾ ಎಂದು ಅಣ್ಣನನ್ನು ಕೇಳಿದರು. ಅವನು ಗೋಡೆಗೆ ಮುಖ ಮಾಡಿ ಮಲಗಿದ. ಅವರು ಹೊರಟರು.

ಸಂಜೆ ಅತ್ತಿಗೆ ಬಂದಳು. ಆಸ್ಪತ್ರೆಯ ಜಗುಲಿಯಲ್ಲಿ ಭಾವ ಕೂತಿದ್ದ. ಡೀಸೆಲ್ ಬಿದ್ದದ್ದನ್ನು ಎಸೆದು, ಉಳಿದ ಸುಟ್ಟ ಕಬ್ಬನ್ನು ತಾನೇ ಕಾರ್ಖಾನೆಯ ಒಳಗೆ ಹಾಕಿ, ಟ್ರ್ಯಾಕ್ಟರನ್ನು ಊರಿಗೆ ಮುಟ್ಟಿಸಿ ಬಂದಿದ್ದನಂತೆ. ಅತ್ತಿಗೆ ಕಾಲಿನ ಚಪ್ಪಲಿ ತೆಗೆದು ಅವನ ಹೆಗಲಿಗೆ, ತಲೆಗೆ ಬಾರಿಸಿದಳು. 'ಅಣ್ಣಾ ಅಂತಿದ್ನಲ್ಲೋ ನಾನು ನಿನ್ನ, ಬಾಯ್ತುಂಬ ಅಣ್ಣಾ ಅಂತಿದ್ನಲ್ಲೋ' ಎಂದು ಪ್ರತಿ ಏಟಿಗೂ ಹೇಳಿದಳು. ಅವನು ಅಲ್ಲಾಡಲಿಲ್ಲ. ಸಾಕಾಗಿ ಅವಳು ಒಳಗೆ ಹೋದಳು.

ನಾನು ಅವನ ಎದುರಿಗೆ ನಿಂತೆ. ಬೈಯಬೇಕೋ ಕೈಮುಗಿಯಬೇಕೋ ನನಗೆ ತಿಳಿಯಲಿಲ್ಲ. ಮಚ್ಚು ತಿರುಗಿಸಿ ಹಿಡಿದ ಗಳಿಗೆಯನ್ನು ನೆನಪಿನಲ್ಲಿ ಹುಡುಕುತ್ತಿದ್ದೆ. ಎತ್ತಿದ್ದು ಕಾಣುತ್ತಿತ್ತು, ಬಿದ್ದದ್ದು ಕಾಣುತ್ತಿತ್ತು, ತಿರುಗಿಸಿದ್ದು ಕಾಣುತ್ತಿರಲಿಲ್ಲ.

'ಭಾವ, ಅಣ್ಣ ಹೇಳ್ತಾನೆ, ನೀವು ಉಳಿಸಿದ್ರಂತೆ. ಬೇಕಂತಲೇ ಹಿಂಬದಿಯಿಂದ ಹೊಡೆದ್ರಂತೆ.'

ಅವನು ತನ್ನ ಅಂಗೈ ನೋಡಿಕೊಂಡ.

'ಯಾವ್ ಕಡೆಯಿಂದ ಒಡ್ದೆ ಅಂತ ನಂಗೂ ಗೊತ್ತಿರ್ನಿಲ್ಲ ಕಣವ್ವ,' ಎಂದ. 'ರಗುತ ಬರ್ನಿಲ್ಲವಲ್ಲ, ಆಗ್ಲೇ ತಿಳಿದದ್ದು.'

'ಮತ್ತೆ ತಲೆಗೆ…'

'ತಲೆಗೇ ಎತ್ತಿದ್ದೆ.' 'ಅವನ್ಗೇಳ್ಬ್ಯಾಡ' ಎಂದ. ಎದ್ದು ಬಸ್ಸಿನ ಕಡೆ ನಡೆದ.

ನಾನು ಹೇಳಿಲ್ಲ. ಈಗ ನಮ್ಮೂರಿನ ಯಾರ ಮಾತೂ ಆ ಗೇಟಿನಲ್ಲಿ ನಡೆಯುವುದಿಲ್ಲ. ನಮ್ಮೂರಿನ ಕಬ್ಬು ಸುಟ್ಟರೂ ಸಾಲಿನ ಕೊನೆಯಲ್ಲೇ ನಿಂತು ಹುಳಿಯಾಗಬೇಕು. ಊರಿನವರು ಅಣ್ಣನನ್ನು ಎದುರಿಗೇ ಬೈಯುತ್ತಾರೆ, ಅವನು ಬೈಸಿಕೊಳ್ಳುತ್ತಾನೆ. ಆದರೆ ಭಾವನ ಬಗ್ಗೆ ಯಾರಾದರೂ ಒಂದು ಮಾತೆತ್ತಿದರೆ ಬಿಡುವುದಿಲ್ಲ. ನೇರವಾಗದ ಆ ಕೈಯನ್ನೇ ಮುಂದೆ ಚಾಚಿ ಹೇಳುತ್ತಾನೆ: 'ಇದಾ? ಬಾವ ಮಾಡಿದ್ದು. ನಾಕ್ ಜನ ಕೊಲ್ಲಾಕ್ ನಿಂತಿದ್ರಲ್ಲಾ, ಅವ್ರ್ ಕಣ್ಣಿಗ್ ಮಣ್ಣೆರಚಿ, ಮಚ್ ತಿರುಗ್ಸಿ ಒಡ್ದ ನೋಡು. ಅಂಥಾ ಬುದ್ಧಿ ಇನ್ನೊಬ್ಬನ್ಗ್ ಬರಾಕಿಲ್ಲ.' ಅಂಗಡಿಯ ಮುಂದೆ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಎಲ್ಲ ಕಡೆ ಈ ಕಥೆ ಹೇಳಿ ಆಗಿದೆ. ಭಾವ ಅಲ್ಲೇ ಇದ್ದರೆ ಬೀಡಿ ಹುಡುಕಿಕೊಂಡು ಎದ್ದು ಹೋಗುತ್ತಾನೆ. ಅಣ್ಣ ಅದನ್ನು ಸಂಕೋಚ ಎಂದುಕೊಂಡಿದ್ದಾನೆ.

ನನಗೆ ಹೇಳಬೇಕೆನಿಸುತ್ತದೆ. ಹೇಳಿದರೆ ಅಣ್ಣನಿಗೆ ಆ ಒಂದು ದಿನದಲ್ಲಿ ಉಳಿದಿರುವ ಒಳ್ಳೆಯದೂ ಹೋಗುತ್ತದೆ. ಹೇಳದಿದ್ದರೆ, ತನ್ನ ತಲೆಗೆ ಮಚ್ಚೆತ್ತಿದವನ ಪಕ್ಕದಲ್ಲಿ ಅವನು ದಿನವೂ ಹಾಗೇ ಕೂರುತ್ತಾನೆ. ಭಾವ ಮತ್ತೆ ಹಾಗೆ ಮಾಡುತ್ತಾನೆಂದು ನಾನು ಹೇಳುತ್ತಿಲ್ಲ. ಅವನು ಬೆಂಕಿಗೆ ನುಗ್ಗಿದ್ದನ್ನೂ ನೋಡಿದವಳು ನಾನೇ.

ಈ ಸಲದ ಕಟಾವಿಗೆ ಅಣ್ಣನಿಗೆ ಮಚ್ಚು ಹಿಡಿಯಲಾಗಲಿಲ್ಲ. ನಮ್ಮ ಬಿತ್ತನೆ ಕಬ್ಬನ್ನು ಭಾವನೇ ಬಂದು ಕಡಿದುಕೊಟ್ಟ. ನಾನು ಊಟ ತೆಗೆದುಕೊಂಡು ಹೋದಾಗ ಅಣ್ಣ ಎಡಗೈಯಲ್ಲಿ ಜಲ್ಲೆಗಳನ್ನು ಒತ್ತರಿಸಿ ಬಗ್ಗಿಸಿ ಹಿಡಿಯುತ್ತಿದ್ದ. ಭಾವ ಕುಕ್ಕರುಗಾಲಿನಲ್ಲಿ ಕೂತು ಬುಡಕ್ಕೆ ಮಚ್ಚು ಬೀಸುತ್ತಿದ್ದ. ಏನೋ ತಮಾಷೆ ಹೇಳಿ ಅಣ್ಣ ಇನ್ನಷ್ಟು ಬಗ್ಗಿದ. ಅವನ ಕತ್ತು ಮಚ್ಚಿಗೆ ಒಂದು ಮೊಳವೂ ಇರಲಿಲ್ಲ. ಕೂಗಿ ಕರೆದರೆ ಬೀಸುವ ಕೈ ಎಲ್ಲಿ ತಪ್ಪುತ್ತದೋ ಎಂದು ನಾನು ಕರೆಯಲಿಲ್ಲ. ಆ ಸಾಲು ಕಡಿದು ಮುಗಿಯುವವರೆಗೆ ಬುತ್ತಿ ಹಿಡಿದುಕೊಂಡು ಬದುವಿನ ಮೇಲೆ ನಿಂತಿದ್ದೆ.